ದ್ವೀಪಕ್ಕೆ ಹೊರಟವರ ನೀರು, ನೆರಳು, ಬುತ್ತಿ: ಓದುಗರ ಪ್ರಶ್ನೆಗಳಿಗೆ ಉತ್ತರ

ರಜೆಯ ಪ್ರವಾಸದ ಬಗ್ಗೆ ಪ್ರಶ್ನೆ ಕಳುಹಿಸಿರೆಂದು ಕೇಳಿದಾಗ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಅಂಡಮಾನ್ ಮತ್ತು ಲಕ್ಷದ್ವೀಪಗಳನ್ನು ಕುರಿತೇ ಇದ್ದವು. ಅಲ್ಲಿಗೆ ಹೋಗಬೇಕೆಂಬ ಆಸೆಯ ಜೊತೆಗೇ, ಹೋಗಿ ಆ ಜಾಗವನ್ನು ಕೆಡಿಸಿ ಬರಬಾರದೆಂಬ ಕಾಳಜಿಯೂ ಹಲವು ಪತ್ರಗಳಲ್ಲಿ ಇತ್ತು. ಆ ಕಾಳಜಿಯಿಂದ ಕೇಳಿದ ಪ್ರಶ್ನೆಗಳನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಏಪ್ರಿಲ್ ಕೊನೆಯ ವಾರ, ಮಕ್ಕಳ ಬೇಸಿಗೆ ರಜೆಯಲ್ಲಿ, ಮನೆಯ ಆರು ಜನ ಅಂಡಮಾನಿಗೆ ಹೊರಟಿದ್ದೇವೆ. ಐದು ರಾತ್ರಿಗಳಲ್ಲಿ ನಾಲ್ಕು ದ್ವೀಪ ತೋರಿಸುವ ಪ್ಯಾಕೇಜನ್ನು ಏಜೆಂಟರು ಸೂಚಿಸಿದ್ದಾರೆ. ಅಲ್ಲಿನ ಜನರಿಗೂ ಪರಿಸರಕ್ಕೂ ಹೊರೆಯಾಗದಂತೆ ಹೋಗಿಬರಲು ಏನು ಮಾಡಬೇಕು? — ಓದುಗರೊಬ್ಬರು, ಬಳ್ಳಾರಿ

ಉತ್ತರ: ಇನ್ನೂ ಮುಂಗಡ ಕೊಟ್ಟಿಲ್ಲವೆಂದಾದರೆ ಮೊದಲು ತಿಂಗಳನ್ನು ಬದಲಿಸಿ, ಆಮೇಲೆ ಪ್ಯಾಕೇಜನ್ನು. ಅಂಡಮಾನಿನಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುತ್ತದೆ. ಅದು ನಮ್ಮ ಬಳ್ಳಾರಿಯ ಮಳೆಯ ಸರಿಸುಮಾರು ಐದು ಪಟ್ಟು. ಆದರೆ ಕಡಿದಾದ ಗುಡ್ಡಗಳ ಮೇಲೆ ಬಿದ್ದ ನೀರು ನೋಡುನೋಡುತ್ತಲೇ ಸಮುದ್ರ ಸೇರುತ್ತದೆ, ಹಿಡಿದಿಡುವ ಜಾಗ ಕಡಿಮೆ. ಈಗ ಶ್ರೀ ವಿಜಯಪುರಂ ಎಂದು ಹೆಸರಾಗಿರುವ ಪೋರ್ಟ್ ಬ್ಲೇರ್ ನಗರ ಕುಡಿಯುವ ನೀರಿಗೆ ಮುಖ್ಯವಾಗಿ ಧನಿಖಾರಿ ಜಲಾಶಯವೊಂದನ್ನೇ ನೆಚ್ಚಿಕೊಂಡಿದೆ. ಜನವರಿಯಿಂದ ಮಳೆ ಹಿಂದೆ ಸರಿದು, ಮೇ ತಿಂಗಳಲ್ಲಿ ಮುಂಗಾರು ಬರುವವರೆಗೆ ಆ ಜಲಾಶಯ ಇಳಿಯುತ್ತಲೇ ಹೋಗುತ್ತದೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಅಲ್ಲಿನ ಮನೆಗಳಿಗೆ ದಿನ ಬಿಟ್ಟು ದಿನ, ಕೆಲವೊಮ್ಮೆ ಅದಕ್ಕೂ ತಡವಾಗಿ ನಲ್ಲಿ ನೀರು ಬರುವುದು ಇದೇ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ. ನಮ್ಮ ಶಾಲೆಗಳ ಬೇಸಿಗೆ ರಜೆಯೂ ಇದೇ ಹೊತ್ತಿಗೆ ಬೀಳುತ್ತದೆ. ನಲ್ಲಿ ಬರುವ ದಿನಕ್ಕೆ ಕಾದು ಕೊಡಗಳನ್ನು ಸಾಲಿಗಿಟ್ಟು ಅಭ್ಯಾಸವಿರುವ ಬಳ್ಳಾರಿಯವರಿಗೆ ಇದನ್ನು ಇನ್ನಷ್ಟು ಬಿಡಿಸಿ ಹೇಳುವ ಅಗತ್ಯವಿಲ್ಲ.

ದಸರಾ ರಜೆಯಲ್ಲಿ ಹೋದರೆ ಮಳೆಗೆ ಸಿಕ್ಕಿಬೀಳುವ ಸಂಭವ ಉಂಟು, ಒಂದೆರಡು ದಿನ ಕೋಣೆಯಲ್ಲೇ ಕಳೆಯಬೇಕಾಗಬಹುದು. ಆದರೆ ಜಲಾಶಯ ತುಂಬಿರುತ್ತದೆ, ಜನಸಂದಣಿಯೂ ಕಡಿಮೆ. ಮಕ್ಕಳಿಗೆ ನಾಲ್ಕು ದಿನ ಶಾಲೆ ತಪ್ಪಿದರೂ ಪರವಾಗಿಲ್ಲ ಎನ್ನುವವರು ನವೆಂಬರ್ ಕೊನೆಯಿಂದ ಡಿಸೆಂಬರ್ ನಡುವಿನವರೆಗೆ ಹೋಗುವುದು ಎಲ್ಲಕ್ಕಿಂತ ಒಳ್ಳೆಯದು.

ಇನ್ನು ಪ್ಯಾಕೇಜಿನ ಮಾತು. ಐದು ರಾತ್ರಿಗಳಲ್ಲಿ ನಾಲ್ಕು ದ್ವೀಪವೆಂದರೆ ನಿಮ್ಮ ಹಗಲುಗಳಲ್ಲಿ ಅರ್ಧ ಜೆಟ್ಟಿಯ ಸಾಲಿನಲ್ಲಿ, ಉಳಿದರ್ಧ ವೇಗದ ದೋಣಿಯ ಗಾಜಿನ ಹಿಂದೆ ಕಳೆಯುತ್ತದೆ. ಆ ದೋಣಿಗಳು ಓಡುವುದು ಡೀಸೆಲ್ಲಿನಿಂದ. ದ್ವೀಪದ ವಿದ್ಯುತ್ತಿನ ಬಹುಪಾಲೂ ಡೀಸೆಲ್ ಜನರೇಟರುಗಳಿಂದಲೇ ಬರುತ್ತದೆ, ಆ ಡೀಸೆಲ್ ಹಡಗಿನಲ್ಲಿ ಬರಬೇಕು. ಎರಡೇ ದ್ವೀಪ ಆರಿಸಿಕೊಂಡು ಏಳು ರಾತ್ರಿ ಇರಿ. 2018 ರಲ್ಲಿ ಶಹೀದ್ ದ್ವೀಪವೆಂದು ಹೆಸರು ಬದಲಾದ ನೀಲ್ ದ್ವೀಪ ಚಿಕ್ಕದು, ಸೈಕಲ್ಲಿನಲ್ಲೇ ಸುತ್ತಿ ಮುಗಿಸಬಹುದು. ಸ್ವರಾಜ್ ದ್ವೀಪವಾದ ಹ್ಯಾವ್‌ಲಾಕ್‌ಗಿಂತ ಅಲ್ಲಿ ಗದ್ದಲವೂ ಕಡಿಮೆ. ವಿಮಾನದ ಹೊಗೆಯೇ ಇಡೀ ಪ್ರವಾಸದ ದೊಡ್ಡ ಹೊರೆಯಾದ್ದರಿಂದ ಚೆನ್ನೈವರೆಗೆ ರೈಲಿನಲ್ಲಿ ಹೋಗಿ. ರಾಯಚೂರು ಮುಂಬೈ–ಚೆನ್ನೈ ಮಾರ್ಗದಲ್ಲೇ ಇದೆ, ಬಳ್ಳಾರಿಯವರು ಗುಂತಕಲ್ಲಿನಲ್ಲಿ ಹತ್ತಬಹುದು. ಅಲ್ಲಿಂದ ವಿಮಾನದಲ್ಲಿ ಎರಡು ಗಂಟೆಯ ಹಾದಿ. ಬಿಡುವಿದ್ದವರಿಗೆ ಹಡಗು ಇದೆ, ಸುಮಾರು ಮೂರು ದಿನ ಹಿಡಿಯುತ್ತದೆ.

ಕೋಣೆ ಕಾಯ್ದಿರಿಸುವ ಮೊದಲು ಫೋನಿನಲ್ಲಿ ಇಷ್ಟನ್ನು ಕೇಳಿ: ನಿಮ್ಮ ನೀರು ಎಲ್ಲಿಂದ ಬರುತ್ತದೆ, ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತದೆ, ಕಸವನ್ನು ಏನು ಮಾಡುತ್ತೀರಿ, ಕೆಲಸದವರಲ್ಲಿ ದ್ವೀಪದವರು ಎಷ್ಟು ಜನ. ಹೀಗೆ ಕೇಳುವುದು ಒರಟುತನವಲ್ಲ. ವ್ಯವಸ್ಥೆ ಚೆನ್ನಾಗಿ ಇಟ್ಟುಕೊಂಡವರು ಸಂತೋಷದಿಂದ ಹೇಳುತ್ತಾರೆ.

ಪ್ರಶ್ನೆ: ಲಕ್ಷದ್ವೀಪದಲ್ಲಿ ಮಳೆ ಚೆನ್ನಾಗಿ ಆಗುತ್ತದೆ ಎಂದು ಓದಿದ್ದೇನೆ. ಹಾಗಿದ್ದೂ ಅಲ್ಲಿ ಸಿಹಿನೀರಿಗೆ ಕೊರತೆ ಎನ್ನುವುದೇಕೆ? ಬೋರ್‌ವೆಲ್ ಕೊರೆಸಿದರೆ ಆಗದೇ? — ಭತ್ತದ ರೈತರು, ಗಂಗಾವತಿ

ಉತ್ತರ: ಸವಳು ಭೂಮಿಯನ್ನು ಕಂಡ ರೈತರಿಗೆ ಇದನ್ನು ವಿವರಿಸುವುದು ಸುಲಭ. ಲಕ್ಷದ್ವೀಪದ 36 ದ್ವೀಪಗಳ ಒಟ್ಟು ನೆಲ ಸುಮಾರು 32 ಚದರ ಕಿಲೋಮೀಟರ್ ಮಾತ್ರ, ಅವುಗಳಲ್ಲಿ ಜನ ಊರು ಕಟ್ಟಿಕೊಂಡಿರುವುದು ಹತ್ತರಲ್ಲಿ. ನದಿ ಇಲ್ಲ, ಗುಡ್ಡ ಇಲ್ಲ, ಕೆರೆ ಕಟ್ಟುವ ಇಳಿಜಾರಿಲ್ಲ. ಸಮುದ್ರದಿಂದ ಕೆಲವೇ ಮೀಟರ್ ಎತ್ತರದ ಹವಳದ ಮರಳು, ಅದರ ಮೇಲೆ ತೆಂಗು. ಬಿದ್ದ ಮಳೆ ಆ ಮರಳಿನಲ್ಲಿ ಇಂಗಿ ಕೆಳಗಿನ ಉಪ್ಪುನೀರಿನ ಮೇಲೆ ತೇಲುತ್ತ ನಿಲ್ಲುತ್ತದೆ, ಏಕೆಂದರೆ ಸಿಹಿನೀರು ಉಪ್ಪುನೀರಿಗಿಂತ ಹಗುರ. ಹೆಂಚಿಗೆ ಹುಯ್ದ ದೋಸೆಯ ಹಾಗೆ ಆ ಪದರ ನಡುವೆ ದಪ್ಪ, ಅಂಚಿಗೆ ಹೋದಂತೆ ತೆಳು. ಹಿಂದಿನಿಂದ ಅಲ್ಲಿನವರು ತೋಡಿಕೊಂಡ ಬಾವಿಗಳು ಆಳವಿಲ್ಲದವು. ಬಾವಿಯ ಪಕ್ಕ ಸ್ವಲ್ಪ ಹೊತ್ತು ಕುಳಿತು ಗೋಡೆಯ ಮೇಲಿನ ತೇವದ ಗೆರೆಯನ್ನು ನೋಡಿದರೆ, ಸಮುದ್ರದ ಭರತ ಇಳಿತಗಳಿಗೆ ತಕ್ಕಂತೆ ಆ ನೀರೂ ಏರಿ ಇಳಿಯುವುದು ತಿಳಿಯುತ್ತದೆ. ಸಿಹಿನೀರಿನ ಅಡಿಯಲ್ಲೇ ಸಮುದ್ರ ಉಸಿರಾಡುತ್ತಿರುತ್ತದೆ.

ಅಂಥ ಬಾವಿಯಲ್ಲಿ ಬಿಂದಿಗೆಯಿಂದ ಸೇದಿದರೆ ಪದರಕ್ಕೆ ಏನೂ ಆಗುವುದಿಲ್ಲ. ಮೋಟಾರು ಇಟ್ಟು ಒಂದೇ ಸಮ ಎಳೆದರೆ ಕೆಳಗಿನ ಉಪ್ಪುನೀರು ಮೇಲಕ್ಕೆ ಉಬ್ಬುತ್ತದೆ, ಒಮ್ಮೆ ಕೆಟ್ಟ ಬಾವಿ ಮತ್ತೆ ಸಿಹಿಯಾಗಲು ಹಲವು ಮಳೆಗಾಲ ಬೇಕು. ನೀವು ಕೇಳಿದ ಬೋರ್‌ವೆಲ್ಲಿನ ಕೊಳವೆ ದೋಸೆಯನ್ನು ತೂತು ಮಾಡಿಕೊಂಡು ನೇರವಾಗಿ ಸಮುದ್ರಕ್ಕೇ ಇಳಿಯುತ್ತದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ನೀರು ಹೆಚ್ಚಾಗಿ, ಜವಳು ಹಿಡಿದು, ಉಪ್ಪು ಮೇಲೆ ಬಂದ ಗದ್ದೆಗಳನ್ನು ನೀವು ಕಂಡಿದ್ದೀರಿ. ಲಕ್ಷದ್ವೀಪದಲ್ಲಿ ನೀರು ಕಡಿಮೆಯಾಗಿ ಉಪ್ಪು ಮೇಲೆ ಬರುತ್ತದೆ. ಕಾರಣ ಬೇರೆಯಾದರೂ ಬಾಯಿಗೆ ಸಿಗುವ ರುಚಿ ಒಂದೇ.

ಸಮುದ್ರದ ನೀರನ್ನು ಸಿಹಿ ಮಾಡುವ ಘಟಕಗಳು ಬಂದಿವೆ. ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 2005 ರಲ್ಲಿ ಕವರತ್ತಿಯಲ್ಲಿ ಸ್ಥಾಪಿಸಿದ ಘಟಕವು ದಿನಕ್ಕೆ ಒಂದು ಲಕ್ಷ ಲೀಟರ್ ನೀರು ಕೊಡುವಂಥದು. ಮೇಲಿನ ಬೆಚ್ಚನೆಯ ನೀರನ್ನು ಕಡಿಮೆ ಒತ್ತಡದಲ್ಲಿ ಆವಿಯಾಗಿಸಿ, ನೂರಾರು ಮೀಟರ್ ಆಳದಿಂದ ಎತ್ತಿದ ತಣ್ಣೀರಿನಿಂದ ಆ ಆವಿಯನ್ನು ಮತ್ತೆ ನೀರಾಗಿಸುವುದು ಅದರ ಕ್ರಮ. ಬಹಳ ಜಾಣತನದ ವ್ಯವಸ್ಥೆ. ಆದರೂ ಪಂಪುಗಳಿಗೆ ವಿದ್ಯುತ್ ಬೇಕು, ವಿದ್ಯುತ್ತಿಗೆ ಡೀಸೆಲ್ ಬೇಕು, ಡೀಸೆಲ್ ಮುಖ್ಯಭೂಮಿಯಿಂದ ಬರಬೇಕು. ಹೀಗಾಗಿ ಅಲ್ಲಿ ಒಂದು ತಂಬಿಗೆ ನೀರಿನ ಹಿಂದೆ ದೂರದ ಪಯಣವಿರುತ್ತದೆ.

ಪ್ರವಾಸಿಗರು ಮಾಡಬೇಕಾದದ್ದು ಹೊಸದೇನಲ್ಲ. ಷವರ್ ಬಿಟ್ಟು ಬಕೆಟ್ಟಿನಲ್ಲಿ ಸ್ನಾನ ಮಾಡಿ. ಸಾಮಾನ್ಯ ಷವರಿನಲ್ಲಿ ನಿಮಿಷಕ್ಕೆ ಎಂಟರಿಂದ ಹತ್ತು ಲೀಟರ್ ನೀರು ಸುರಿಯುತ್ತದೆ. ಜಲ ಜೀವನ್ ಮಿಷನ್ ಹಳ್ಳಿಯ ಮನೆಗಳಿಗೆ ಇಟ್ಟುಕೊಂಡಿರುವ ಗುರಿ ಒಬ್ಬರಿಗೆ ದಿನವೊಂದಕ್ಕೆ 55 ಲೀಟರ್. ಅಂದರೆ ಒಬ್ಬರ ಇಡೀ ದಿನದ ಪಾಲು ಆರೇಳು ನಿಮಿಷದ ಷವರಿನಲ್ಲಿ ಮುಗಿಯುತ್ತದೆ. ಹಾಸಿಗೆ ಹೊದಿಕೆ, ಟವೆಲ್ಲುಗಳನ್ನು ದಿನಾ ಬದಲಿಸಬೇಡಿ ಎಂದು ಮೊದಲ ದಿನವೇ ಹೇಳಿ. ಈಜುಕೊಳವಿರುವ ಹೋಟೆಲನ್ನು ಸಮುದ್ರದ ದಂಡೆಯಲ್ಲಿ ಆರಿಸಬೇಡಿ. ಬಚ್ಚಲಿನಿಂದ ಇಂಗುವ ಸಾಬೂನಿನ ನೀರೂ ಶೌಚದ ಗುಂಡಿಯ ನೀರೂ ಅದೇ ಮರಳಿನ ಮೂಲಕ ಅದೇ ಬಾವಿಗಳ ಕಡೆಗೆ, ಕೊನೆಗೆ ಹವಳದ ಕಡೆಗೆ ಹೋಗುತ್ತದೆ ಎಂಬುದನ್ನೂ ನೆನಪಿಡಿ.

ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿ ಬೇಕೆಂಬುದನ್ನು ಕೆಲವರು ಕಿರಿಕಿರಿ ಎನ್ನುತ್ತಾರೆ. ನನಗೆ ಅದು ಸರಿಯಾದ ಕ್ರಮವೆಂದೇ ತೋರುತ್ತದೆ. ಇಷ್ಟು ತೆಳುವಾದ ನೀರಿನ ಪದರದ ಮೇಲೆ ಕುಳಿತ ಊರಿಗೆ ಎಷ್ಟು ಜನ ಬರಬೇಕೆಂಬ ಲೆಕ್ಕ ಇರಲೇಬೇಕು.

ಪ್ರಶ್ನೆ: ನನಗೆ ಈಜು ಬರುವುದಿಲ್ಲ. ಆದರೂ ಸ್ನಾರ್ಕೆಲಿಂಗ್ ಮಾಡಿ, ಅಂದರೆ ಉಸಿರಾಟದ ಕೊಳವೆ ಕಚ್ಚಿಕೊಂಡು ನೀರಿನ ಮೇಲೆ ತೇಲುತ್ತ, ಹವಳ ನೋಡುವ ಆಸೆ. ಸನ್‌ಸ್ಕ್ರೀನ್ ಹಚ್ಚಿಕೊಂಡರೆ ಹವಳ ಸಾಯುತ್ತದೆ ಎನ್ನುತ್ತಾರೆ, ನಿಜವೇ? — ಓದುಗರೊಬ್ಬರು, ರಾಯಚೂರು

ಉತ್ತರ: ಹವಳಕ್ಕೆ ಪ್ರವಾಸಿಗರಿಂದ ನೇರವಾಗಿ ಆಗುವ ಪೆಟ್ಟುಗಳಲ್ಲಿ ಕಾಲಿನದು ಮೊದಲನೆಯದು. ನೀರಿನಲ್ಲಿ ಗಾಬರಿಯಾದವರು ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾರೆ, ಕಾಲಿಗೆ ಸಿಕ್ಕಿದ್ದರ ಮೇಲೆ ನಿಲ್ಲುತ್ತಾರೆ. ಕಲ್ಲೆಂದು ಅವರು ನಿಂತದ್ದು ಸಾವಿರಾರು ಸಣ್ಣ ಜೀವಿಗಳು ಕೂಡಿ ಕಟ್ಟಿದ ಮನೆ. ಗುಂಡುಬಂಡೆಯಂತೆ ಬೆಳೆಯುವ ಹವಳಗಳು ವರ್ಷಕ್ಕೆ ಒಂದೆರಡು ಸೆಂಟಿಮೀಟರಿಗಿಂತ ಹೆಚ್ಚು ಬೆಳೆಯುವುದಿಲ್ಲ, ಎಷ್ಟೋ ಸಲ ಅದಕ್ಕಿಂತ ಕಡಿಮೆ. ನಿಮ್ಮ ಅಂಗೈಯಷ್ಟು ಮುರಿದರೆ ಹತ್ತಾರು ವರ್ಷಗಳ ಬೆಳವಣಿಗೆ ಮುರಿದಂತೆ.

ನಮ್ಮ ಕಡೆ ಈಜು ಬರುವವರದೂ ಬಾವಿಯ ಈಜು, ಕಾಲುವೆಯ ಈಜು. ಮೇಲಿನಿಂದ ಹಾರುವುದು, ಕಾಲು ಬಡಿಯುವುದು, ದಡ ಮುಟ್ಟುವುದು ಅದರ ರೀತಿ. ಹವಳದ ಮೇಲೆ ಬೇಕಾದದ್ದು ಬೇರೆ. ಮುಖ ಕೆಳಗೆ ಮಾಡಿ, ಕೈಕಾಲು ಆಡಿಸದೆ, ಸುಮ್ಮನೆ ತೇಲುವುದು. ಹೊರಡುವ ಮೊದಲು ಊರಿನ ಈಜುಕೊಳದಲ್ಲಿ ಒಂದು ತಿಂಗಳು ತೇಲುವುದನ್ನು ಕಲಿಯಿರಿ. ದ್ವೀಪದಲ್ಲಿ ಲೈಫ್ ಜಾಕೆಟ್ ತೊಟ್ಟು, ಭರತದ ಹೊತ್ತಿನಲ್ಲಿ, ನೀರು ಎದೆಗಿಂತ ಆಳವಿರುವ ಕಡೆಯೇ ಇಳಿಯಿರಿ. ಧೈರ್ಯ ಸಾಲದಿದ್ದರೆ ತಳದಲ್ಲಿ ಗಾಜಿರುವ ದೋಣಿಯಲ್ಲಿ ಕುಳಿತು ನೋಡಿ, ಅದರಲ್ಲಿ ಸಂಕೋಚಪಡಬೇಕಾದದ್ದು ಏನೂ ಇಲ್ಲ. ದೋಣಿಯವರು ಹವಳದ ಮೇಲೆಯೇ ಲಂಗರು ಹಾಕದೆ, ತೇಲುಬುರುಡೆಗೆ ಹಗ್ಗ ಕಟ್ಟುತ್ತಾರೆಯೇ ಎಂದು ನೋಡಿ. ಫೋಟೋಕ್ಕಾಗಿ ಮೀನುಗಳಿಗೆ ಬ್ರೆಡ್ಡು ಉದುರಿಸುವವರಿಗೆ ಬೇಡವೆನ್ನಿ.

ಸನ್‌ಸ್ಕ್ರೀನಿನ ಬಗ್ಗೆ ಕೇಳಿದ್ದೀರಿ. ಕೆಲವು ಸನ್‌ಸ್ಕ್ರೀನುಗಳಲ್ಲಿರುವ ಆಕ್ಸಿಬೆಂಜೋನ್ ಎಂಬ ರಾಸಾಯನಿಕ ಹವಳದ ಮರಿಗಳಿಗೆ ಕೆಡುಕು ಮಾಡುವುದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಪಲಾವು ದೇಶ 2020 ರಲ್ಲಿ, ಹವಾಯಿ ರಾಜ್ಯ 2021 ರಲ್ಲಿ ಅಂಥ ಸನ್‌ಸ್ಕ್ರೀನಿನ ಮಾರಾಟವನ್ನು ನಿಲ್ಲಿಸಿದವು. ಆದರೆ ಹವಳವನ್ನು ದೊಡ್ಡ ಪ್ರಮಾಣದಲ್ಲಿ ಕೊಲ್ಲುತ್ತಿರುವುದು ಸಮುದ್ರದ ಬಿಸಿ. ನೀರು ವಾರಗಟ್ಟಲೆ ಕಾದಾಗ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಆ ಪಾಚಿಯೇ ಅದಕ್ಕೆ ಅನ್ನ. 1998, 2010, 2016 ಮತ್ತು 2024 ರಲ್ಲಿ ಲಕ್ಷದ್ವೀಪದ ಹವಳ ಹೀಗೆ ಬಿಳಿಚಿತು. ಆದ್ದರಿಂದ ಬಾಟಲಿ ಬದಲಿಸಿದರೆ ನಮ್ಮ ಪಾಲು ಮುಗಿಯಿತೆಂದು ತಿಳಿಯಬಾರದು; ಮೇಲೆ ಹೇಳಿದ ರೈಲು ಮತ್ತು ಡೀಸೆಲ್ಲಿನ ಲೆಕ್ಕವೂ ಇದಕ್ಕೇ ಸೇರುತ್ತದೆ. ಬಿಸಿಲಿಗೆ ಬಟ್ಟೆಯೇ ಒಳ್ಳೆಯ ಮದ್ದು. ರಾಯಚೂರಿನ ಹೊಲಗಳಲ್ಲಿ ಹತ್ತಿ ಬಿಡಿಸುವ ಹೆಣ್ಣುಮಕ್ಕಳು ಸೀರೆಯ ಮೇಲೆ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಬಟ್ಟೆ ಸುತ್ತಿಕೊಂಡು ಇಡೀ ದಿನ ಬಿಸಿಲಿನಲ್ಲಿ ನಿಲ್ಲುತ್ತಾರೆ. ಅದೇ ಉಪಾಯ ನೀರಿನಲ್ಲೂ ನಡೆಯುತ್ತದೆ. ತುಂಬುತೋಳಿನ ಈಜುಡುಗೆ ತೊಟ್ಟರೆ ಕ್ರೀಮು ಮುಖಕ್ಕೆ ಮಾತ್ರ ಸಾಕು.

ಪ್ರಶ್ನೆ: ದಂಡೆಯಲ್ಲಿ ಬಿದ್ದಿರುವ ಖಾಲಿ ಶಂಖ, ಸತ್ತ ಹವಳದ ತುಂಡುಗಳನ್ನು ನೆನಪಿಗೆಂದು ತರಬಹುದೇ? — ಕಾಲೇಜು ವಿದ್ಯಾರ್ಥಿನಿ, ಕೊಪ್ಪಳ

ಉತ್ತರ: ತರಬಾರದು. ಹವಳ ಮತ್ತು ಹಲವು ಬಗೆಯ ಶಂಖ, ಚಿಪ್ಪುಗಳಿಗೆ 1972 ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಅಂಡಮಾನಿನ ವಿಮಾನ ನಿಲ್ದಾಣದಲ್ಲಿ ಚೀಲ ತಪಾಸಿಸಿ ಅವನ್ನು ತೆಗೆದಿಡುತ್ತಾರೆ.

ಕಾನೂನು ತಿಳಿಯುವ ಮೊದಲೇ ನನಗೆ ಪಾಠ ಕಲಿಸಿದ್ದು ಒಂದು ಶಂಖ. ಮೊದಲ ಸಲ ಹೋದಾಗ ದಂಡೆಯಲ್ಲಿ ಸಿಕ್ಕ, ಹೆಬ್ಬೆಟ್ಟಿನ ಗಾತ್ರದ, ಕಂದು ಪಟ್ಟೆಯ ಶಂಖವೊಂದನ್ನು ತಂದು ಕೋಣೆಯ ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದೆ. ರಾತ್ರಿ ಗೀರುವ ಸದ್ದಿಗೆ ಎಚ್ಚರವಾಗಿ ದೀಪ ಹಾಕಿದರೆ ಶಂಖ ಕಟ್ಟೆಯ ಇನ್ನೊಂದು ತುದಿಗೆ ಹೋಗಿತ್ತು. ಅದರ ಬಾಯಿಂದ ಎರಡು ಕಡ್ಡಿಗಣ್ಣು, ಒಂದು ದೊಡ್ಡ ಕೊಂಡಿ ಹೊರಗೆ ಬಂದಿದ್ದವು. ನಾನು ಬಗ್ಗಿದೊಡನೆ ಒಳಗೆ ಸೇರಿ, ಕೊಂಡಿಯನ್ನೇ ಬಾಗಿಲಾಗಿಸಿ ಮುಚ್ಚಿಕೊಂಡಿತು. ಅದು ಸನ್ಯಾಸಿ ಏಡಿ. ಅದಕ್ಕೆ ತನ್ನದೇ ಚಿಪ್ಪಿಲ್ಲ, ಮೈ ಬೆಳೆದಂತೆಲ್ಲ ದಂಡೆಯ ಖಾಲಿ ಶಂಖಗಳಲ್ಲಿ ದೊಡ್ಡದೊಂದನ್ನು ಹುಡುಕಿ ಮನೆ ಬದಲಿಸುತ್ತದೆ. ಬೆಳಗಾಗುವುದನ್ನು ಕಾಯದೆ ಬ್ಯಾಟರಿ ಹಿಡಿದು ಹೋಗಿ, ಎತ್ತಿಕೊಂಡ ಜಾಗದಲ್ಲೇ ಬಿಟ್ಟು ಬಂದೆ. ಹವಳದ ಸತ್ತ ತುಂಡುಗಳೂ ಹಾಗೆಯೇ: ಅವು ಸವೆದು ಮರಳಾಗಬೇಕು, ಆ ಮರಳೇ ದಂಡೆ.

ನೆನಪಿಗೆ ಏನಾದರೂ ಬೇಕೆಂದರೆ ಲಕ್ಷದ್ವೀಪದಲ್ಲಿ ತೆಂಗಿನ ನೀರಾದಿಂದ ಮಾಡುವ ಬೆಲ್ಲ ಸಿಗುತ್ತದೆ. ಕೊಂಡರೆ ಹಣ ದ್ವೀಪದ ಮನೆಗೇ ಹೋಗುತ್ತದೆ.

ಪ್ರಶ್ನೆ: ಅಂಡಮಾನಿನ ಬಾರಾಟಾಂಗ್ ದ್ವೀಪಕ್ಕೆ ಹೋಗುವ ದಾರಿಯಲ್ಲಿ ಜಾರವಾ ಆದಿವಾಸಿಗಳು ಕಾಣಸಿಗುತ್ತಾರೆ, ಅವರಿಗೆ ಕೊಡಲು ಬಿಸ್ಕೆಟ್ ಇಟ್ಟುಕೊಳ್ಳಿ ಎಂದು ಪರಿಚಯದವರೊಬ್ಬರು ಹೇಳಿದರು. — ಓದುಗರೊಬ್ಬರು, ಸಿರುಗುಪ್ಪ

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಜಾರವಾ ಜನ ಕೆಲವೇ ನೂರು ಮಂದಿ. 1956 ರ ಮೂಲನಿವಾಸಿ ಬುಡಕಟ್ಟುಗಳ ಸಂರಕ್ಷಣಾ ನಿಯಮದಡಿ ಅವರ ಕಾಡು ಮೀಸಲು. ಅವರ ಫೋಟೋ ತೆಗೆಯುವುದೂ ತಿನಿಸು ಕೊಡುವುದೂ ಅಪರಾಧ. ನಮಗೆ ನೆಗಡಿಯಾಗಿ ಹೋಗುವ ಸೋಂಕು, ಹೊರಗಿನವರ ಸಂಪರ್ಕವಿಲ್ಲದೆ ಬದುಕಿದ ಅವರಿಗೆ ಪ್ರಾಣಾಂತಿಕವಾಗಬಲ್ಲದು. ಅವರ ಕಾಡಿನ ನಡುವೆ ಹಾದುಹೋಗುವ ಅಂಡಮಾನ್ ಟ್ರಂಕ್ ರಸ್ತೆಯನ್ನು ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2002 ರಲ್ಲಿಯೇ ಆದೇಶಿಸಿತ್ತು. ವಾಹನಗಳು ಇನ್ನೂ ಬೆಂಗಾವಲಿನಲ್ಲಿ ಸಾಲುಗಟ್ಟಿ ಓಡುತ್ತಿವೆ. ಬಾರಾಟಾಂಗಿನ ಸುಣ್ಣದಕಲ್ಲಿನ ಗುಹೆಯೊಂದನ್ನು ನೋಡಲು ಆ ಸಾಲಿಗೆ ಇನ್ನೊಂದು ಗಾಡಿ ಸೇರಿಸಲು ನನ್ನ ಮನಸ್ಸು ಒಪ್ಪಲಿಲ್ಲ, ನಾನು ಹೋಗಲಿಲ್ಲ. ಮನುಷ್ಯರನ್ನು ನೋಡುವ ವಸ್ತುವಾಗಿ ಮಾರುವ ಏಜೆಂಟರಿಂದ ಬೇರೆ ಟಿಕೆಟ್ಟುಗಳನ್ನೂ ಕೊಳ್ಳಬೇಡಿ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಊಟಕ್ಕೆ ತೊಂದರೆಯಾಗದಂತೆ ಏನು ಒಯ್ಯಬೇಕು? ಕಸವನ್ನು ಏನು ಮಾಡಬೇಕು? — ಗೃಹಿಣಿ, ಸಿಂಧನೂರು

ಉತ್ತರ: ಈ ವಿಷಯದಲ್ಲಿ ನಮ್ಮ ಕಡೆಯ ಅಡುಗೆಮನೆಯೇ ದೊಡ್ಡ ಸಹಾಯ. ಖಡಕ್ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಇವು ವಾರಗಟ್ಟಲೆ ಕೆಡುವುದಿಲ್ಲ. ಪ್ಲಾಸ್ಟಿಕ್ ಪ್ಯಾಕೆಟ್ಟುಗಳ ಬದಲು ಸ್ಟೀಲ್ ಡಬ್ಬಿ, ಬಟ್ಟೆಯ ಚೀಲಗಳಲ್ಲಿ ತುಂಬಿ. ಅಂಗಡಿಯಿಂದ ಕೊಂಡದ್ದೇನಾದರೂ ಇದ್ದರೆ ಹೊದಿಕೆಯನ್ನು ಸಿಂಧನೂರಿನಲ್ಲೇ ಬಿಚ್ಚಿಡಿ. ದ್ವೀಪದಲ್ಲಿ ಕಸ ಸಾಗಿಸಲು ಬೇರೆ ಊರಿಲ್ಲ. ಅಲ್ಲಿ ಎಸೆದದ್ದನ್ನು ಅಲ್ಲೇ ಹೂಳಬೇಕು, ಸುಡಬೇಕು, ಇಲ್ಲವೇ ಹಡಗಿಗೆ ಹೇರಬೇಕು. ಬ್ಯಾಟರಿ ಸೆಲ್ಲು, ಖಾಲಿ ಟ್ಯೂಬು, ಮಗುವಿನ ಡಯಾಪರು, ಪ್ಯಾಡು ಇವನ್ನೆಲ್ಲ ಮುಚ್ಚಳದ ಡಬ್ಬಿಯೊಂದರಲ್ಲಿ ಕೂಡಿಟ್ಟು ಮರಳಿ ತರುವುದು ಕಷ್ಟವಾದರೂ ಮಾಡಬೇಕಾದ ಕೆಲಸ.

ಅಂಡಮಾನಿನ ಮಹಾತ್ಮಾ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನಕ್ಕೆ ವಂಡೂರಿನಿಂದ ದೋಣಿ ಹತ್ತುವಾಗ ಚೀಲ ತಪಾಸಣೆಯಾಗುತ್ತದೆ. ಆ ಉದ್ಯಾನದ ಜಾಲಿ ಬಾಯ್ ದ್ವೀಪಕ್ಕೆ ಪ್ಲಾಸ್ಟಿಕ್ ಒಯ್ಯುವಂತಿಲ್ಲ. ಅಲ್ಲಿ ನನ್ನ ಮುಂದೆ ನಿಂತಿದ್ದ ಕುಟುಂಬದ ಚೀಲದಿಂದ ಸಿಬ್ಬಂದಿ ಒಂದೊಂದಾಗಿ ಚಿಪ್ಸ್ ಪ್ಯಾಕೆಟ್ ತೆಗೆದು ಮೇಜಿನ ಮೇಲೆ ಸಾಲಾಗಿ ಜೋಡಿಸುತ್ತಿದ್ದರು; ಹಿಂದಿದ್ದ ನಾನು ಹನ್ನೊಂದರವರೆಗೆ ಎಣಿಸಿದೆ. ಆ ದ್ವೀಪ ಇನ್ನೂ ಸ್ವಚ್ಛವಾಗಿ ಉಳಿದಿರುವುದು ಆ ಮೇಜಿನಿಂದ.

ಶಹೀದ್ ದ್ವೀಪದಲ್ಲಿ ತರಕಾರಿ ಬೆಳೆಯುತ್ತಾರೆ. ಬದನೆ, ಕುಂಬಳ, ಬಸಳೆ ಸಿಗುವ ಸಣ್ಣ ಊಟದ ಮನೆಗಳಲ್ಲಿ ಉಣ್ಣಿ. ಮುಖ್ಯಭೂಮಿಯಿಂದ ಹಡಗಿನಲ್ಲಿ ಬರುವ ಪನೀರು, ಸೇಬನ್ನು ಕೇಳಬೇಡಿ. ಸಿಂಧನೂರಿನವರಾದ ನಿಮಗೆ ಇನ್ನೊಂದು ನಂಟೂ ಅಲ್ಲಿ ಕಾಣುತ್ತದೆ. ಆ ದ್ವೀಪದ ರೈತರಲ್ಲಿ ಹೆಚ್ಚಿನವರು ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರ ಮಕ್ಕಳು, ಮೊಮ್ಮಕ್ಕಳು. ನಿಮ್ಮ ತಾಲ್ಲೂಕಿನ ಆರ್‌.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ನೆಲೆಸಿದವರೂ ಅದೇ ನೆಲದಿಂದ ಬಂದವರು. ಕ್ಯಾಂಪಿನ ಪರಿಚಯದವರಿಂದ ನಾಲ್ಕು ಬಂಗಾಳಿ ಮಾತು ಕಲಿತು ಹೋದರೆ ಊಟದ ಮನೆಯಲ್ಲಿ ಸಿಗುವ ಆದರವೇ ಬೇರೆ.

ಪ್ರಶ್ನೆ: ದೂರದ ದ್ವೀಪಗಳ ಮಾತಾಯಿತು. ನಮ್ಮ ವಿರುಪಾಪುರಗಡ್ಡೆಗೂ ಜಗತ್ತಿನ ಪ್ರವಾಸಿಗರು ಬರುತ್ತಿದ್ದರು. ಅದಕ್ಕೂ ಇದೇ ನಿಯಮಗಳು ಅನ್ವಯಿಸುತ್ತವೆಯೇ? — ಓದುಗರೊಬ್ಬರು, ಆನೆಗೊಂದಿ

ಉತ್ತರ: ಅನ್ವಯಿಸುತ್ತವೆ. ತುಂಗಭದ್ರೆಯ ನಡುವಿನ ಆ ಗಡ್ಡೆ, 1986 ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿಯ ರಕ್ಷಿತ ಪ್ರದೇಶಕ್ಕೆ ಸೇರಿದೆ. ಅಲ್ಲಿ ಅನುಮತಿಯಿಲ್ಲದೆ ಎದ್ದಿದ್ದ ರೆಸಾರ್ಟುಗಳ ತೆರವನ್ನು ಸುಪ್ರೀಂ ಕೋರ್ಟ್ 2020 ರ ಫೆಬ್ರುವರಿಯಲ್ಲಿ ಎತ್ತಿಹಿಡಿಯಿತು, ಆಮೇಲೆ ಅವನ್ನು ಕೆಡವಲಾಯಿತು. ಅದನ್ನೇ ನಂಬಿದ್ದ ಅಡುಗೆಯವರು, ಹರಿಗೋಲಿನವರು, ಬೈಕು ಬಾಡಿಗೆಯವರು ಏಕಾಏಕಿ ಕೆಲಸ ಕಳೆದುಕೊಂಡದ್ದು ನಿಮ್ಮ ಕಣ್ಣೆದುರಿಗೇ ನಡೆದಿದೆ. ಮೊದಲೇ ಮಿತಿಯಲ್ಲಿ, ಊರವರ ಮನೆಗಳಲ್ಲೇ ಅತಿಥಿಗಳನ್ನು ಇಳಿಸಿಕೊಂಡಿದ್ದರೆ ಈ ನೋವು ಇಷ್ಟಾಗುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಈಗ ಸಾಣಾಪುರದ ಕಡೆಗೆ ಸರಿದಿರುವ ಪ್ರವಾಸೋದ್ಯಮಕ್ಕೂ ಇದನ್ನೇ ಹೇಳುತ್ತೇನೆ.

ನಿಮ್ಮ ನದಿಯ ಬಗ್ಗೆ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲದ ಸಂಗತಿಯೊಂದಿದೆ. ಮುದ್ಲಾಪುರದಿಂದ ಕಂಪ್ಲಿಯವರೆಗೆ 34 ಕಿಲೋಮೀಟರ್ ತುಂಗಭದ್ರೆಯನ್ನು 2015 ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ಸಿಡಿಮದ್ದಿನಿಂದ ಮೀನು ಹಿಡಿಯುವುದು, ಮರಳು ತೆಗೆಯುವುದು, ದಂಡೆಯಲ್ಲಿ ಬಿಟ್ಟುಹೋದ ಬಲೆ, ರಾತ್ರಿಯ ಗದ್ದಲ ಇವು ಅವಕ್ಕೆ ಅಪಾಯ. ಅತಿಥಿಗಳನ್ನು ಕರೆದೊಯ್ಯುವಾಗ ಹರಿಗೋಲನ್ನು ಬಂಡೆಗಳಿಂದ ದೂರವೇ ಇಡಿ, ಹಾಡು ಹಾಕಬೇಡಿ, ಬೆಳಗಿನ ತಂಪಿನಲ್ಲಿ ದಡದ ಮೇಲೆ ಮಾತಿಲ್ಲದೆ ಕುಳಿತರೆ ಅವು ಗುಂಪಾಗಿ ಈಜುವುದನ್ನು ಕಾಣುವ ಅವಕಾಶವಿದೆ. ನೀರಂಚಿನ ಬಂಡೆಯ ಮೇಲೆ ಮೀನಿನ ಹುರುಪೆ, ಮುಳ್ಳು ಕೂಡಿದ ಹಿಕ್ಕೆ ಕಂಡರೆ ಅದು ಅವು ದಿನವೂ ಬರುವ ಜಾಗವೆಂದು ತಿಳಿದು, ಬುತ್ತಿ ಬಿಚ್ಚಲು ಬೇರೊಂದು ಬಂಡೆ ನೋಡಿಕೊಳ್ಳಿ.